ಮುಶಿ ಮೀನಿಗೆ ಮೂಳೆ ಏಕಿಲ್ಲ

ಮುಂಬೈಯ ಜೋಗೇಶ್ವರಿ, ಅಂಧೇರಿ, ವರ್ಸೋವಾಗಳ ಮೀನುಪೇಟೆಯಲ್ಲಿ ‘ಮುಶಿ’ ಎಂಬ ಮರಾಠಿ ಹೆಸರಿನಿಂದ ಮಾರಾಟವಾಗುವ ಸಣ್ಣ ಶಾರ್ಕನ್ನಾಗಲಿ, ಕರಾವಳಿಯವರು ತೊರಕೆ ಎನ್ನುವ ಅಗಲ ಮೀನನ್ನಾಗಲಿ ಕೊಯ್ದು ಸಾರು ಮಾಡಿದವರಿಗೆ, ಬಂಗುಡೆಯಲ್ಲಿರುವಂತಹ ಗಟ್ಟಿ ಮುಳ್ಳು ಅವುಗಳಲ್ಲಿ ಸಿಗುವುದಿಲ್ಲವೆಂಬುದು ಗೊತ್ತು. ಈ ಮೀನುಗಳ ಅಸ್ಥಿಪಂಜರವೆಲ್ಲ ಮೃದ್ವಸ್ಥಿಯದು, ಅಂದರೆ ಮನುಷ್ಯರ ಹೊರಗಿವಿಗೂ ಮೂಗಿನ ತುದಿಗೂ ಆಕಾರ ಕೊಡುವ, ಬಾಗುವ ಗುಣದ ಅಂಗಾಂಶದ್ದು. ಅದು ಮೂಳೆಯಾಗಿ ಏಕೆ ಗಟ್ಟಿಗೊಳ್ಳುವುದಿಲ್ಲ ಎಂಬ ಪ್ರಶ್ನೆಗೆ ಜೀನುಗಳ ಮಟ್ಟದಲ್ಲಿ ಉತ್ತರ ದೊರೆತದ್ದು 2014ರಲ್ಲಿ. ಅದನ್ನು ಕೊಟ್ಟದ್ದು ಸಿಂಗಪುರದ ಅಣು ಮತ್ತು ಕೋಶ ಜೀವವಿಜ್ಞಾನ ಸಂಸ್ಥೆಯಲ್ಲಿ ದುಡಿದ ಭಾರತ ಮೂಲದ ವಿಜ್ಞಾನಿ ಬೈರಪ್ಪ ವೆಂಕಟೇಶ್ ಅವರ ಮುಂದಾಳತ್ವದ ತಂಡ.

ವರ್ಸೋವಾದಲ್ಲಿರುವ, 1961ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯಲ್ಲಾಗಲಿ, 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಾಗಲಿ ಮೀನಿನ ತಳಿವಿಜ್ಞಾನಕ್ಕೆ ಬೇಗ ಬೆಳೆಯುವ, ರೋಗ ತಾಳುವ ಮರಿಗಳನ್ನು ಪಡೆಯುವ ಗುರಿಯಿರುವುದು ಸಹಜವೇ ಸರಿ. ವೆಂಕಟೇಶ್ ಅವರ ಸಂಶೋಧನೆ ಮೀನನ್ನು ಆರಿಸಿಕೊಂಡದ್ದು ಬೇರೆಯೇ ಕಾರಣಕ್ಕೆ. ಆ ಆಯ್ಕೆಯ ಹಿಂದಿದ್ದವರು, ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಮುಂದೆ 2002ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ಸಿಡ್ನಿ ಬ್ರೆನ್ನರ್. ಒಂದು ಜೀವಿಯ ಡಿಎನ್‌ಎಯಲ್ಲಿರುವ ಸಮಸ್ತ ಬರಹಕ್ಕೆ ಜೀನೋಮ್ ಎಂದು ಹೆಸರು. ಮನುಷ್ಯರಲ್ಲಿ ಅದು ಸುಮಾರು 300 ಕೋಟಿ ಅಕ್ಷರಗಳಷ್ಟು ಉದ್ದವಿದ್ದು, ಪ್ರೋಟೀನು ತಯಾರಿಸುವ ಸೂಚನೆ ಇರುವುದು ಅದರ ಶೇಕಡಾ ಎರಡರೊಳಗಿನ ಭಾಗದಲ್ಲಿ ಮಾತ್ರ. ವಿಷಕ್ಕೆ ಹೆಸರಾದ ಜಪಾನಿನ ಫುಗು ಮೀನಿನ ಜೀನೋಮ್ ಸುಮಾರು 40 ಕೋಟಿ ಅಕ್ಷರಗಳಷ್ಟೇ ಇದ್ದರೂ ಅದರಲ್ಲಿರುವ ಜೀನುಗಳ ಬಳಗ ಮನುಷ್ಯರದನ್ನು ಹೋಲುತ್ತದೆ ಎಂದು ಬ್ರೆನ್ನರ್, ವೆಂಕಟೇಶ್ ಮತ್ತು ಸಹೋದ್ಯೋಗಿಗಳು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು.

ಕಣದಲ್ಲಿ ಒಕ್ಕಿ ಹಾಕಿದ ರಾಶಿಯಂತೆ ಮನುಷ್ಯರ ಜೀನೋಮ್ ಎಂದರೆ, ಫುಗುವಿನದು ಪ್ರಕೃತಿಯೇ ತೂರಿ ಕೊಟ್ಟ ರಾಶಿ. ಜೊಳ್ಳು ಹಾರಿಹೋಗಿದ್ದರೂ ಕಾಳು ಉಳಿದಿರುವುದರಿಂದ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಯಾವುದು ಕಾಳೆಂಬುದು ಸುಲಭವಾಗಿ ತಿಳಿಯುತ್ತದೆ. ಮಾತ್ರವಲ್ಲ, ಮನುಷ್ಯರ ರಾಶಿಯಲ್ಲಿ ಜೊಳ್ಳೆಂದು ಭಾವಿಸಿದ್ದ ಕೆಲವು ತುಣುಕುಗಳು ಫುಗುವಿನ ತೂರಿದ ರಾಶಿಯಲ್ಲೂ ಉಳಿದಿರುವುದು ಕಂಡರೆ, ಅವಕ್ಕೂ ಏನೋ ಕೆಲಸವಿರಬೇಕೆಂದು ಊಹಿಸಬಹುದು. ಪ್ರೋಟೀನಿನ ಸೂಚನೆಯಿಲ್ಲದ ಇಂತಹ ತುಣುಕುಗಳಲ್ಲಿ ಹಲವು, ಯಾವ ಜೀನು ಯಾವ ಅಂಗದಲ್ಲಿ ಯಾವಾಗ ಎಚ್ಚರಗೊಳ್ಳಬೇಕೆಂಬುದನ್ನು ನಿಯಂತ್ರಿಸುವ ಸ್ವಿಚ್ಚುಗಳು. ಈ ಸ್ವಿಚ್ಚುಗಳು ಎಷ್ಟು ಹಳೆಯವೆಂಬುದನ್ನು ವೆಂಕಟೇಶ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಸೊಗಸಾಗಿ ತೋರಿಸುತ್ತದೆ. ಹೆರಿಗೆಯಲ್ಲೂ ಹಾಲೂಡಿಕೆಯಲ್ಲೂ ಪಾತ್ರವಿರುವ ಆಕ್ಸಿಟೋಸಿನ್ ಹಾರ್ಮೋನಿಗೆ ಮೀನುಗಳಲ್ಲಿ ಸಮನಾದದ್ದು ಐಸೊಟೋಸಿನ್. ಅದರ ಫುಗು ಜೀನನ್ನು ಸುತ್ತಲಿನ ಡಿಎನ್‌ಎ ಸಮೇತ ಇಲಿಗಳ ಜೀನೋಮಿಗೆ ಸೇರಿಸಿದಾಗ, ಅದು ಇಲಿಯ ಮಿದುಳಿನಲ್ಲಿ ಆಕ್ಸಿಟೋಸಿನ್ ತಯಾರಿಸುವ ನರಕೋಶಗಳಲ್ಲಿಯೇ ಎಚ್ಚರಗೊಂಡಿತು. ಮೀನಿನ ಪೂರ್ವಜರೂ ಇಲಿಯ ಪೂರ್ವಜರೂ ಅಗಲಿ 40 ಕೋಟಿ ವರ್ಷಗಳಿಗೂ ಮಿಕ್ಕಿ ಕಳೆದಿದ್ದರೂ ಮೀನಿನ ಸೂಚನೆಯನ್ನು ಇಲಿಯ ಕೋಶ ಓದಬಲ್ಲದೆಂಬ ಈ ಸಂಗತಿಯ ಮುಂದೆ, 2002ರಲ್ಲಿ ಪೂರ್ಣ ಕರಡಿನ ರೂಪದಲ್ಲಿ ಪ್ರಕಟವಾಗಿ ಮನುಷ್ಯರ ಬಳಿಕ ಎರಡನೆಯ ಕಶೇರುಕ ಜೀನೋಮ್ ಎಂಬ ಖ್ಯಾತಿ ಪಡೆದ ಫುಗು ಜೀನೋಮಿನ ಅಂಕಿಅಂಶಗಳೂ ಸಪ್ಪೆಯೆನಿಸುತ್ತವೆ.

ಮೃದ್ವಸ್ಥಿ ಮೀನುಗಳ ಸರದಿ ಬಂದಾಗಲೂ ಆಯ್ಕೆಯ ತತ್ವ ಅದೇ ಆಗಿತ್ತು. ಆಸ್ಟ್ರೇಲಿಯದ ದಕ್ಷಿಣ ಕರಾವಳಿ ಮತ್ತು ನ್ಯೂಜಿಲೆಂಡಿನ ಸಮುದ್ರದಲ್ಲಿ, ಸೊಂಡಿಲಿನಂತಹ ಮೂತಿಯಿಂದ ತಳದ ಮರಳನ್ನು ಕೆದಕಿ ಆಹಾರ ಹುಡುಕುವ ಆನೆ ಶಾರ್ಕ್ ನಿಜವಾದ ಶಾರ್ಕ್ ಅಲ್ಲ, ಅದರ ದೂರದ ದಾಯಾದಿ. ಆದರೆ ಅದರ ಜೀನೋಮ್ ಮನುಷ್ಯರದರ ಮೂರನೇ ಒಂದು ಭಾಗದಷ್ಟೇ ಇದೆ. ಅದನ್ನು ಓದಿ 2014ರ ಜನವರಿಯಲ್ಲಿ ‘ನೇಚರ್’ನಲ್ಲಿ ಪ್ರಕಟಿಸಿದ ತಂಡಕ್ಕೆ, ಮೃದ್ವಸ್ಥಿಯನ್ನು ರೂಪಿಸುವ ಜೀನುಗಳಲ್ಲಿ ದೊಡ್ಡ ಕೊರತೆಯೇನೂ ಕಾಣಲಿಲ್ಲ, ಕಾಣದೆ ಹೋದದ್ದು ಎಸ್‌ಸಿಪಿಪಿ ಎಂಬ ಜೀನುಗಳ ಒಂದು ಇಡೀ ಕುಟುಂಬ. ಕೋಶದಿಂದ ಹೊರಬಂದು ಕ್ಯಾಲ್ಸಿಯಮ್ಮನ್ನು ಹಿಡಿದಿಡುವ ಪ್ರೋಟೀನುಗಳನ್ನು ತಯಾರಿಸುವ ಈ ಕುಟುಂಬ, ಮೂಳೆಯುಳ್ಳ ಮೀನುಗಳಿಂದ ಮನುಷ್ಯರವರೆಗೆ ಎಲ್ಲರಲ್ಲೂ ಇದೆ. ಜೀಬ್ರಾ ಮೀನಿನಲ್ಲಿ ಇಂತಹ ಜೀನನ್ನು ಅಡಗಿಸಿದಾಗ ಮೂಳೆಯ ಬೆಳವಣಿಗೆ ಕುಂಠಿತಗೊಂಡದ್ದರಿಂದ ವಿವರಣೆಗೆ ಪ್ರಯೋಗದ ಬಲವೂ ಬಂತು.

ಈ ಪ್ರಯೋಗದ ಬಲವೇ ಇಲ್ಲಿ ಮುಖ್ಯ, ಏಕೆಂದರೆ ಜೀನೊಂದು ಇದೆಯೆಂದು ತೋರಿಸುವುದಕ್ಕಿಂತ ಇಲ್ಲವೆಂದು ತೋರಿಸುವುದು ಬಹಳ ಕಷ್ಟ. ರೋಗನಿರೋಧಕ ವ್ಯವಸ್ಥೆಯ ಹಲವು ಜೀನುಗಳೂ ಆನೆ ಶಾರ್ಕಿನಲ್ಲಿ ಇಲ್ಲವೆಂದು ಅದೇ ಪ್ರಬಂಧ ಹೇಳಿತ್ತು. ಅವುಗಳಲ್ಲಿ ಕೆಲವು ಗುರುತು ಸಿಗದಷ್ಟು ಬದಲಾಗಿದ್ದರೂ ಅಲ್ಲಿವೆ ಎಂಬ ಆಕ್ಷೇಪ ಅದೇ ವರ್ಷ ಅದೇ ಪತ್ರಿಕೆಯಲ್ಲಿ ಪ್ರಕಟವಾಯಿತು. ಆನೆ ಶಾರ್ಕಿನ ಜೀನೋಮ್ ಆಗ ತಿಳಿದಿದ್ದ ಕಶೇರುಕಗಳಲ್ಲೆಲ್ಲ ಅತಿ ನಿಧಾನವಾಗಿ ವಿಕಾಸಗೊಂಡಿದೆಯೆಂಬ ಫಲಿತಾಂಶ ಹೊರಬಂದಾಗ, ಅದು ‘ಜೀವಂತ ಪಳೆಯುಳಿಕೆ’ ಎಂಬ ಉತ್ಪ್ರೇಕ್ಷೆಗೂ ಎಡೆಯಾಯಿತು. ನಿಧಾನವೆಂದರೆ ನಿಂತುಹೋದದ್ದೆಂದು ಅರ್ಥವಲ್ಲ. ಪ್ರಾಚೀನ ಪೂರ್ವಜರ ಬರಹ ಕಡಿಮೆ ತಿದ್ದುಪಡಿಯೊಂದಿಗೆ ಉಳಿದಿದೆ ಎಂದಷ್ಟೇ ಹೇಳಬಹುದು, ಹೋಲಿಕೆಗೆ ಅದು ಅಮೂಲ್ಯವಾದದ್ದೂ ಅದಕ್ಕಾಗಿಯೇ.

ಇಲ್ಲದ ಜೀನನ್ನು ಹುಡುಕಿ, ಆಮೇಲೆ ಬೇರೊಂದು ಮೀನಿನಲ್ಲಿ ಪರೀಕ್ಷಿಸುವ ಈ ಕ್ರಮ 2016ರ ಡಿಸೆಂಬರಿನಲ್ಲಿ ಪ್ರಕಟವಾದ ಕಡಲ್ಗುದುರೆಯ ಜೀನೋಮಿನಲ್ಲೂ ಫಲ ಕೊಟ್ಟಿತು. ಚೀನಾ ಮತ್ತು ಜರ್ಮನಿಯ ಸಂಶೋಧಕರೊಡನೆ ವೆಂಕಟೇಶ್ ನಡೆಸಿದ ಆ ಅಧ್ಯಯನದಲ್ಲಿ, ಹಲ್ಲಿನ ಕವಚಕ್ಕೆ ಬೇಕಾದ ಎಸ್‌ಸಿಪಿಪಿ ಜೀನುಗಳು ಹಲ್ಲಿಲ್ಲದ ಕಡಲ್ಗುದುರೆಯಲ್ಲಿ ಕಾಣೆಯಾಗಿದ್ದವು. ಹಿಂಗಾಲಿಗೆ ಸಮನಾದ ಶ್ರೋಣಿ ರೆಕ್ಕೆಗಳ ಬೆಳವಣಿಗೆಗೆ ಬೇಕಾದ ‘ಟಿಬಿಎಕ್ಸ್4’ ಜೀನೂ ಇರಲಿಲ್ಲ. ಜೀಬ್ರಾ ಮೀನಿನಲ್ಲಿ ಆ ಒಂದು ಜೀನನ್ನು ಕೆಡಿಸಿದಾಗ ಅದಕ್ಕೂ ಶ್ರೋಣಿ ರೆಕ್ಕೆ ಮೂಡಲಿಲ್ಲ.