ಕಾರಿನ ಚರ್ಮದ ಸೀಟಿಗೆ ಕೊಬ್ಬರಿ ಎಣ್ಣೆ ಮದ್ದಲ್ಲ

ಕಾಣಕೋಣ: ಮಳೆಗಾಲದ ನಾಲ್ಕು ತಿಂಗಳು ಗೋವೆಯಲ್ಲಿ ಪ್ರವಾಸಿಗರ ಬಾಡಿಗೆ ಕಡಿಮೆ. ಎಷ್ಟೋ ಟ್ಯಾಕ್ಸಿಗಳು ಮನೆಯಂಗಳದಲ್ಲಿ ತಾಡಪತ್ರಿ ಹೊದ್ದು ನಿಂತಿರುತ್ತವೆ. ಚವತಿ ಮುಗಿಸಿ ಬಾಗಿಲು ತೆಗೆದರೆ ಸೀಟಿನ ಮೇಲೆಲ್ಲ ಬಿಳಿ ಬೂಷ್ಟು, ಒಳಗೆ ಮುಗ್ಗಲು ವಾಸನೆ. ಚಾಲಕನ ಸೀಟಿನ ಬಲ ಅಂಚಿನಲ್ಲಿ ಬಣ್ಣ ಹೋಗಿ ಬಿರುಕು ಬಿಟ್ಟಿರುತ್ತದೆ. ಅಕ್ಟೋಬರ್‌ನಲ್ಲಿ ಸೀಸನ್ ಶುರುವಾಗುವುದರೊಳಗೆ ಇದನ್ನು ಸರಿಪಡಿಸಬೇಕು, ಇಲ್ಲವಾದರೆ ಹತ್ತಿದ ಗಿರಾಕಿಯೇ ಮುಖ ಸಿಂಡರಿಸುತ್ತಾನೆ. ಗಾಡಿ ಮಾರುವವರಿಗೂ ಅಷ್ಟೇ. ಕಾರವಾರ, ಖಾನಾಪುರ ಕಡೆಯಿಂದ ಹಳೆ ಕಾರು ನೋಡಲು ಬಂದವರು ಎಂಜಿನ್‌ಗಿಂತ ಮೊದಲು ಸೀಟನ್ನೇ ನೋಡುತ್ತಾರೆ.

ಇಂಥ ಹೊತ್ತಿನಲ್ಲಿ ಹಲವರ ಕೈ ಹೋಗುವುದು ಅಡುಗೆಮನೆಯ ಕೊಬ್ಬರಿ ಎಣ್ಣೆಗೆ. ಅದಕ್ಕೆ ಕಾರಣವೂ ಇದೆ. ಗಡಿ ಭಾಗದ ಹಿರಿಯರು ಅಥಣಿ, ನಿಪ್ಪಾಣಿಯ ಚಪ್ಪಲಿಗೆ ಎಣ್ಣೆ ಕುಡಿಸಿಯೇ ಮೆತ್ತಗೆ ಮಾಡಿಕೊಂಡವರು. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿಯ ವ್ಯಾಪ್ತಿಗೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಜಾಲಿ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡಿದ ಆ ಚರ್ಮದ ಮೇಲೆ ಬಣ್ಣದ ಲೇಪನ ಇರುವುದಿಲ್ಲ. ಹಾಗಾಗಿ ಎಣ್ಣೆ ಒಳಗಿಳಿಯುತ್ತದೆ.

ಕಾರಿನ ಚರ್ಮ ಬೇರೆ ಜಾತಿಯದು. ಸಾಮಾನ್ಯವಾಗಿ ಕ್ರೋಮಿಯಂ ಲವಣದಿಂದ ಹದ ಮಾಡಿ, ಮೇಲೆ ಬಣ್ಣ ಬಳಿದು, ಅದರ ಮೇಲೆ ಪಾಲಿಯುರೆಥೇನ್‌ನ ತೆಳು ಪದರ ಕೊಟ್ಟಿರುತ್ತಾರೆ. ನಮ್ಮ ಕೈಗೆ ತಾಗುವುದು ಈ ಪದರವೇ ಹೊರತು ಚರ್ಮವಲ್ಲ. ಎಣ್ಣೆ ಅದರ ಮೇಲೆ ಜಿಡ್ಡಾಗಿ ಕೂತು ಕಲಂಗುಟ್, ಕೋಲ್ವಾ ಬೀಚಿನ ಮರಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಿರಾಕಿಗಳು ಹತ್ತಿ ಇಳಿದಂತೆಲ್ಲ ಆ ಮರಳೇ ಸ್ಯಾಂಡ್ ಪೇಪರ್‌ನ ಕೆಲಸ ಮಾಡುತ್ತದೆ. ಪದರ ಒಡೆದ ಕಡೆ ಒಳಗಿಳಿದ ಎಣ್ಣೆಯಿಂದ ಕಪ್ಪು ಕಲೆ ಬೀಳುತ್ತದೆ, ಮುಂದೆ ಬಳಿಯುವ ಬಣ್ಣ ಅಲ್ಲಿ ಹಿಡಿಯುವುದೇ ಇಲ್ಲ. ಶೂ ಪಾಲಿಶ್ ಕೂಡ ಬೇಡ. ಬೆವರಿದ ಗಿರಾಕಿಯ ಬಿಳಿ ಅಂಗಿಗೆ ಅದು ಅಂಟಿದರೆ ಬಾಡಿಗೆ ಹಣ ಬಿಟ್ಟುಕೊಡಬೇಕಾದೀತು!

ಮೊದಲು ಚರ್ಮವೋ ರೆಕ್ಸಿನ್ನೋ ನೋಡಿ

ಲೆದರ್ ಸೀಟು ಎಂದು ಕರೆಯುವುದೆಲ್ಲ ಚರ್ಮವಲ್ಲ. ಅನೇಕ ಕಾರುಗಳಲ್ಲಿ ಇರುವುದು ಲೆದರೆಟ್, ಅಂದರೆ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಲೇಪನ. ನಮ್ಮವರ ಬಾಯಲ್ಲಿ ಎಲ್ಲವೂ ರೆಕ್ಸಿನ್. (ರೆಕ್ಸಿನ್ ಎಂಬುದು ಮೂಲದಲ್ಲಿ ಇಂಗ್ಲೆಂಡಿನ ಒಂದು ಕಂಪನಿಯ ಬ್ರ್ಯಾಂಡ್ ಹೆಸರು.) ಕೆಲವು ಕಾರುಗಳಲ್ಲಿ ಕೂರುವ ಜಾಗ ಮಾತ್ರ ಚರ್ಮ, ಪಕ್ಕ ಮತ್ತು ಹಿಂಭಾಗ ರೆಕ್ಸಿನ್. ಹರಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಎಳೆ ಎಳೆಯಾಗಿ ನಾರು ಕಂಡರೆ ಚರ್ಮ, ನೇಯ್ದ ಬಟ್ಟೆ ಕಂಡರೆ ರೆಕ್ಸಿನ್. ಬಣ್ಣ ಹೋದ ಜಾಗಕ್ಕೆ ಒಂದು ಹನಿ ನೀರು ಬಿಟ್ಟಾಗ ಅದು ಹೀರಿಕೊಂಡು ಕಪ್ಪಾದರೆ ಅಲ್ಲಿ ಚರ್ಮ ಬರಿದಾಗಿದೆ ಎಂದರ್ಥ.

ಪಾಲಿಯುರೆಥೇನ್ ಲೆದರೆಟ್ ಹಾವಿನ ಪೊರೆಯಂತೆ ಸುಲಿಯುತ್ತಿದ್ದರೆ ಮನೆಮದ್ದು ನಡೆಯುವುದಿಲ್ಲ. ಗಾಳಿಯ ತೇವವೇ ಆ ಲೇಪನವನ್ನು ವರ್ಷಗಳಲ್ಲಿ ಒಡೆದು ಹಾಕಿರುತ್ತದೆ. ಅದಕ್ಕೆ ಫಿಲ್ಲರ್, ಬಣ್ಣ ಎಂದು ಹಣ ಸುರಿಯುವ ಬದಲು ಮಡಗಾಂವ ಅಥವಾ ಮಾಪ್ಸಾದ ಕುಶನ್ ಅಂಗಡಿಯಲ್ಲಿ ಆ ಭಾಗದ ಹೊದಿಕೆಯನ್ನಷ್ಟೇ ಹೊಸದಾಗಿ ಹೊಲಿಸುವುದು ಲೇಸು.

ಮನೆಯಲ್ಲೇ ಮಾಡುವ ಕ್ರಮ

ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುವ ಗೋವೆಯಲ್ಲಿ ಜುಲೈ ತಿಂಗಳು ಈ ಕೆಲಸಕ್ಕೆ ತಕ್ಕ ಕಾಲವಲ್ಲ. ಬಳಿದದ್ದು ಒಣಗುವುದಿಲ್ಲ. ಮಳೆ ಬಿಟ್ಟ ಮೇಲೆ, ಒಣ ಹವೆಯ ಎರಡು ದಿನ ನೋಡಿಕೊಂಡು ಶುರು ಮಾಡಬೇಕು.

ಬೂಷ್ಟು ಇದ್ದರೆ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಒರೆಸಬೇಕು. ಮೃದು ದ್ರವ ಸೋಪಿನ ನೊರೆ, ಮೆತ್ತನೆ ಬ್ರಷ್, ಹಿಂಡಿದ ಒದ್ದೆ ಬಟ್ಟೆ ಸಾಕು. ಹೊಲಿಗೆಯಲ್ಲಿ ನೀರು ಇಳಿದರೆ ಒಳಗಿನ ಸ್ಪಂಜು ತಿಂಗಳಾದರೂ ಒಣಗುವುದಿಲ್ಲ, ಬೂಷ್ಟು ಮತ್ತೆ ಅಲ್ಲಿಂದಲೇ ಏಳುತ್ತದೆ. ಹಟಮಾರಿ ಕಲೆಗೆ ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಅಷ್ಟೇ ನೀರು ಬೆರೆಸಿ ಒರೆಸಬಹುದು. ಆದರೆ ಮೊದಲು ಸೀಟಿನ ಅಡಿಯಲ್ಲಿ ಕಾಣದ ಕಡೆ ಪರೀಕ್ಷಿಸಿ. ಬಣ್ಣ ಬಿಟ್ಟರೆ ಅಲ್ಲಿಗೇ ನಿಲ್ಲಿಸಿ. ಬ್ಲೀಚಿಂಗ್ ಪೌಡರ್, ಥಿನ್ನರ್ ಮುಟ್ಟಲೇಬೇಡಿ. ನಂತರ ನೆರಳಲ್ಲಿ ಒಣಗಿಸಬೇಕು.

ಬಿರುಕಿದ್ದರೆ 600 ನಂಬರಿನ ಸ್ಯಾಂಡ್ ಪೇಪರ್‌ನಿಂದ ಅದರ ಒರಟು ಅಂಚನ್ನು ಹಗುರವಾಗಿ ಉಜ್ಜಿ ಧೂಳು ಒರೆಸಿ. ಚರ್ಮಕ್ಕೆಂದೇ ಸಿಗುವ ಮೆತ್ತನೆ ಫಿಲ್ಲರನ್ನು ತೆಳುವಾಗಿ ತುಂಬಿ. ಒಂದು ಪದರ ಪೂರ್ತಿ ಒಣಗಿದ ಮೇಲಷ್ಟೇ ಇನ್ನೊಂದು. ಆಮೇಲೆ ನೀರಿನ ಆಧಾರದ ಚರ್ಮದ ಬಣ್ಣವನ್ನು ಸ್ಪಂಜಿನಿಂದ ಮೂರು ನಾಲ್ಕು ತೆಳು ಪದರ ಒತ್ತಿ, ಕೊನೆಗೆ ಪಾರದರ್ಶಕ ಟಾಪ್ ಕೋಟ್. ಟಾಪ್ ಕೋಟ್ ಬಿಟ್ಟವರ ಬಣ್ಣ ಹೆಚ್ಚು ದಿನ ನಿಲ್ಲುವುದಿಲ್ಲ. ಚಿಕ್ಕ ಹರಿವಿಗೆ ಒಳಗಡೆಯಿಂದ ಬಟ್ಟೆಯ ತುಂಡು ಕೊಟ್ಟು, ಬಾಗುವ ಅಂಟು ಹಾಕಬೇಕು. ಫೆವಿಕ್ವಿಕ್ ಗಟ್ಟಿಯಾಗಿ, ಕೂತಾಗ ಪಕ್ಕದಲ್ಲೇ ಇನ್ನೊಂದು ಬಿರುಕು ಎಬ್ಬಿಸುತ್ತದೆ.

ಇಷ್ಟೆಲ್ಲದರಲ್ಲಿ ಕೈ ಹಾಕಬಾರದ ಒಂದು ಜಾಗವಿದೆ. ಮುಂದಿನ ಸೀಟಿನ ಒರಗುವ ಭಾಗದ ಬಾಗಿಲ ಕಡೆ 'ಏರ್‌ಬ್ಯಾಗ್' ಎಂಬ ಪುಟ್ಟ ಪಟ್ಟಿ ಇದ್ದರೆ, ಒಳಗೆ ಮಡಚಿಟ್ಟ ಚೀಲವಿದೆ. ಅಪಘಾತದಲ್ಲಿ ಅದು ಅಲ್ಲಿನ ಹೊಲಿಗೆಯನ್ನು ಹರಿದುಕೊಂಡೇ ಹೊರಬರಬೇಕು. ಅಲ್ಲಿ ಅಂಟು ಹಾಕಿದರೆ, ಗಟ್ಟಿ ದಾರದಿಂದ ಹೊಲಿದರೆ, ಅಥವಾ ಕೆಲಸವನ್ನೆಲ್ಲ ಮುಚ್ಚಿಹಾಕಲು ಪೂರ್ತಿ ಸೀಟ್ ಕವರ್ ಎಳೆದರೆ ಚೀಲ ಸರಿಯಾಗಿ ಬಿಚ್ಚಿಕೊಳ್ಳದೆ ಹೋಗಬಹುದು. ಆ ಬದಿ ಹರಿದಿದ್ದರೆ ಕಂಪನಿಯ ಸರ್ವಿಸ್ ಸೆಂಟರ್‌ಗೇ ಒಯ್ಯಬೇಕು.