ಮನೆಯ ದಲ್ಲಾಳಿಯೂ ಉಷ್ಣಮಾಪಕವೂ

ಮನೆಯನ್ನು ಮಾರುವವನೊಬ್ಬನಿದ್ದಾನೆ, ಅದನ್ನು ಕೊಳ್ಳಬೇಕೆನ್ನುವವನೊಬ್ಬನಿದ್ದಾನೆ. ಇಬ್ಬರಿಗೂ ಮಾತು ಬರುತ್ತದೆ, ಇಬ್ಬರಿಗೂ ಲೆಕ್ಕ ಬರುತ್ತದೆ. ಹೀಗಿರುವಾಗ ಇವರ ನಡುವೆ ದಲ್ಲಾಳಿಯೆಂಬ ಮೂರನೆಯವನು ಏತಕ್ಕೆ ಬೇಕು? ಗಿರಾಕಿಯನ್ನು ಹುಡುಕಿ ತರುವುದಕ್ಕೆ, ಮನೆಯನ್ನು ತೋರಿಸುವುದಕ್ಕೆ, ಕಾಗದಪತ್ರಗಳನ್ನು ಹೊಂದಿಸುವುದಕ್ಕೆ ಎಂದು ನಾವು ಥಟ್ಟನೆ ಉತ್ತರ ಕೊಡಬಹುದು. ಅದು ನಿಜವೇ. ಆದರೆ ಗಿರಾಕಿ ಸಿಕ್ಕಿ, ಪತ್ರಗಳೆಲ್ಲ ಸರಿಯಾಗಿದ್ದು, ಮಾತು ಬೆಲೆಯ ಬಳಿಗೆ ಬಂದ ಮೇಲೂ ದಲ್ಲಾಳಿಯ ಕೆಲಸ ಮುಗಿಯುವುದಿಲ್ಲ. ಅದರ ಕಠಿನವಾದ ಭಾಗ ಮೊದಲಾಗುವುದೇ ಅಲ್ಲಿಂದ. ಇಬ್ಬರ ಮನಸ್ಸೂ ಕಾವೇರಿರುವಾಗ ತಾನು ಮಾತ್ರ ಕಾವೇರದೆ ಇರಬೇಕಾದುದು ಆ ಭಾಗದ ತಿರುಳು. ಈ ನಿರ್ಲಿಪ್ತತೆ ಎಂತಹುದು, ಅದನ್ನು ಸಾಧಿಸುವ ಬಗೆ ಯಾವುದು, ಅದರ ಮಿತಿ ಎಲ್ಲಿದೆ ಎಂಬ ಪ್ರಶ್ನೆಗಳ ಮೇಲೆ ಮನಶ್ಶಾಸ್ತ್ರಜ್ಞರೂ ಅರ್ಥಶಾಸ್ತ್ರಜ್ಞರೂ ನಡೆಸಿರುವ ಪ್ರಯೋಗಗಳು ಸಾಕಷ್ಟು ಬೆಳಕು ಚೆಲ್ಲಿವೆ.

ಮೊದಲು ಈ ಕಾವು ಹುಟ್ಟುವುದು ಎಲ್ಲಿಂದ ಎಂಬುದನ್ನು ನೋಡೋಣ. ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಎಂಬ ಮೂವರು ವಿದ್ವಾಂಸರು 1990ರಲ್ಲಿ ಒಂದು ಸರಳವಾದ ಪ್ರಯೋಗವನ್ನು ಪ್ರಕಟಿಸಿದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಒಂದು ತರಗತಿಯಲ್ಲಿ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಬಟ್ಟಲನ್ನು ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಆ ಮೇಲೆ, ಬಟ್ಟಲು ಇರುವವರು ಮಾರಬಹುದು, ಇಲ್ಲದವರು ಕೊಳ್ಳಬಹುದು ಎಂದು ಸಾರಿದರು. ಬಟ್ಟಲುಗಳನ್ನು ಹಂಚಿದುದು ಯಾದೃಚ್ಛಿಕವಾಗಿ. ಆದುದರಿಂದ ಅದನ್ನು ಹೆಚ್ಚು ಮೆಚ್ಚುವವರು ಎರಡು ಗುಂಪಿನಲ್ಲಿಯೂ ಸಮನಾಗಿರಬೇಕು. ಸುಮಾರು ಅರ್ಧದಷ್ಟು ಬಟ್ಟಲುಗಳು ಕೈ ಬದಲಾಯಿಸಬೇಕು. ನಡೆದುದು ಹಾಗಲ್ಲ. ಮಾರುವವರು ಸುಮಾರು 5.25 ಡಾಲರಿಗಿಂತ ಕಡಿಮೆಗೆ ಒಪ್ಪಲಿಲ್ಲ, ಕೊಳ್ಳುವವರು 2.25ರಿಂದ 2.75 ಡಾಲರಿನ ಮೇಲೆ ಹೋಗಲಿಲ್ಲ. 22 ಬಟ್ಟಲುಗಳಲ್ಲಿ ಪ್ರತಿ ಸಲವೂ ಮಾರಾಟವಾದುವು ಬೆರಳೆಣಿಕೆಯಷ್ಟು ಮಾತ್ರ. ವಸ್ತು ಒಂದೇ, ಆದರೆ 'ನನ್ನದು' ಎಂಬ ಭಾವ ಸೇರಿದ ಕೂಡಲೇ ಅದರ ಬೆಲೆ ಎರಡರಷ್ಟಾಯಿತು.

ಕೆಲವು ನಿಮಿಷಗಳ ಒಡೆತನ ಇಷ್ಟು ಮಾಡಬಲ್ಲುದಾದರೆ, ಮೂವತ್ತು ವರ್ಷ ಬಾಳಿದ ಮನೆಯ ಮಾತೇನು? ಗೃಹಪ್ರವೇಶದ ದಿನ ಕಟ್ಟಿದ ತೋರಣ, ಮಗುವಿನ ಎತ್ತರವನ್ನು ಗುರುತು ಹಾಕಿದ ಬಾಗಿಲವಾಡ, ತಾಯಿ ನೆಟ್ಟ ತೆಂಗಿನ ಮರ, ಇವೆಲ್ಲವೂ ಮಾರುವಾತನ ಲೆಕ್ಕದೊಳಗೆ ಸೇರಿರುತ್ತವೆ. ಕೊಳ್ಳುವಾತನಿಗೆ ಅವು ಕಾಣುವುದಿಲ್ಲ. ಅವನಿಗೆ ಕಾಣುವುದು ಗೋಡೆಯ ಬಿರುಕು, ಒಸರುವ ತಾರಸಿ, ಕತ್ತಲೆಯ ಅಡುಗೆಮನೆ.

ಮಮತೆಯ ಜೊತೆಗೆ ನಷ್ಟದ ಭಯವೂ ಸೇರುತ್ತದೆ. ಡೇವಿಡ್ ಜೆನೆಸೋವ್ ಮತ್ತು ಕ್ರಿಸ್ಟೋಫರ್ ಮೇಯರ್ ಎಂಬುವರು 1990ರ ದಶಕದಲ್ಲಿ ಬಾಸ್ಟನ್ ನಗರದ ಮಧ್ಯಭಾಗದಲ್ಲಿ ಮಾರಾಟಕ್ಕೆ ಬಂದ ವಸತಿಗೃಹಗಳನ್ನು ಅಭ್ಯಸಿಸಿ 2001ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅಲ್ಲಿ ಮನೆಗಳ ಬೆಲೆ ಇಳಿದಿದ್ದ ಕಾಲವದು. ತಾವು ಕೊಂಡುದಕ್ಕಿಂತ ಕಡಿಮೆಗೆ ಮಾರಬೇಕಾಗಿ ಬಂದವರು, ಆ ನಷ್ಟದ ಶೇಕಡ 25ರಿಂದ 35ರಷ್ಟನ್ನು ತಾವು ಹೇಳುವ ಬೆಲೆಗೆ ಸೇರಿಸುತ್ತಿದ್ದರು. ಒಬ್ಬನು 100ಕ್ಕೆ ಕೊಂಡ ಮನೆ ಈಗ 80 ಬಾಳುತ್ತದೆಯೆನ್ನಿ. ನಷ್ಟ 20, ಅವನು ಇತರರಿಗಿಂತ 5ರಿಂದ 7ರಷ್ಟು ಹೆಚ್ಚಾಗಿ ಹೇಳುತ್ತಿದ್ದನು. ಹೀಗೆ ಹೇಳಿದುದರಲ್ಲಿ ಕೈಗೆ ಹತ್ತುತ್ತಿದ್ದುದು ಒಂದಿಷ್ಟು ಮಾತ್ರ. ಮನೆ ಮಾರಾಟವಾಗಲು ಹೆಚ್ಚು ಕಾಲ ಹಿಡಿಯುತ್ತಿತ್ತು. ಬಾಡಿಗೆಗೆಂದು ಮನೆ ಕೊಂಡಿದ್ದವರಿಗಿಂತ ತಾವೇ ವಾಸವಾಗಿದ್ದವರಲ್ಲಿ ಈ ಪ್ರವೃತ್ತಿ ಬಲವಾಗಿತ್ತೆಂಬುದು ಗಮನಿಸತಕ್ಕ ಅಂಶ.

ಇಂತಹ ಇಬ್ಬರು ನೇರವಾಗಿ ಎದುರುಬದುರು ಕುಳಿತರೆ ಏನಾಗುವುದೆಂದು ಊಹಿಸುವುದು ಕಷ್ಟವಲ್ಲ. "ಅಡುಗೆಮನೆ ಗುಹೆಯಂತಿದೆ" ಎನ್ನುತ್ತಾನೆ ಕೊಳ್ಳುವಾತ. "ಇಷ್ಟವಿಲ್ಲದಿದ್ದರೆ ಬಿಡಿ, ಮನೆಗೆ ಗಿರಾಕಿಗಳಿಗೇನು ಬರವೇ?" ಎನ್ನುತ್ತಾನೆ ಮಾರುವಾತ. ಅಲ್ಲಿಂದ ಮುಂದೆ ಚರ್ಚೆ ಮನೆಯ ಮೇಲಲ್ಲ, ಮಾನದ ಮೇಲೆ. ಐವತ್ತು ಲಕ್ಷದ ವ್ಯವಹಾರ ಐವತ್ತು ಸಾವಿರದ ಅಂತರಕ್ಕಾಗಿ ಮುರಿದುಬೀಳುವುದು ಹೀಗೆಯೇ. ನಮ್ಮ ದನದ ಜಾತ್ರೆಗಳಲ್ಲಿ ಬೆಲೆಯನ್ನು ಬಾಯಲ್ಲಿ ಹೇಳದೆ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ತಿಳಿಸುವ ಪದ್ಧತಿಯುಂಟಷ್ಟೆ. ಬೆಲೆಯನ್ನು ಗುಟ್ಟಾಗಿಡುವುದು ಅದರ ಮುಖ್ಯ ಉದ್ದೇಶ. ಆದರೆ ಅದರಿಂದ ಇನ್ನೊಂದು ಲಾಭವೂ ಇದೆ: ಬೆರಳುಗಳಿಗೆ ಸಂಖ್ಯೆಯನ್ನು ಹೇಳಲು ಬರುತ್ತದೆಯೇ ಹೊರತು ಹಂಗಿಸಲು ಬರುವುದಿಲ್ಲ.

ಒಳ್ಳೆಯ ದಲ್ಲಾಳಿ ಮಾಡುವುದೂ ಇದನ್ನೇ. "ಅಡುಗೆಮನೆ ಗುಹೆಯಂತಿದೆ" ಎಂಬ ಮಾತನ್ನು ಅವನು ಮಾರುವಾತನ ಬಳಿಗೆ ಹಾಗೆಯೇ ಒಯ್ಯುವುದಿಲ್ಲ. "ಅಡುಗೆಮನೆಗೆ ಇನ್ನೊಂದು ಕಿಟಕಿ ಇಡಿಸಬೇಕೆಂದು ಅವರ ಆಲೋಚನೆ; ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಬಹುದೇ ಎಂದು ಕೇಳುತ್ತಾರೆ" ಎನ್ನುತ್ತಾನೆ. ಅದರಲ್ಲಿ ಸುಳ್ಳಿಲ್ಲ. ಕೊಳ್ಳುವಾತನ ಅಗತ್ಯ ಉಳಿಯಿತು, ಚುಚ್ಚುಮಾತು ಕಳೆಯಿತು.

ಹಾಗಾದರೆ ದಲ್ಲಾಳಿ ಕಲ್ಲಿನಂತೆ ಇರಬೇಕೆ? ಇಲ್ಲಿ ನಾವು ಪ್ರಯೋಗಶಾಲೆಯ ಉಷ್ಣಮಾಪಕವನ್ನು ನೆನೆಯಬಹುದು. ಒಂದು ಚಿಕ್ಕ ಬಟ್ಟಲಿನ ಬಿಸಿನೀರಿನಲ್ಲಿ ದೊಡ್ಡ ಬುರುಡೆಯ ಉಷ್ಣಮಾಪಕವನ್ನು ಅದ್ದಿದರೆ, ಅದು ತನ್ನನ್ನು ಕಾಯಿಸಿಕೊಳ್ಳುವುದಕ್ಕೆ ನೀರಿನಿಂದ ಬಹಳ ಉಷ್ಣವನ್ನು ಹೀರಿಕೊಳ್ಳುತ್ತದೆ, ನೀರು ತಣ್ಣಗಾಗುತ್ತದೆ, ಅಳೆಯಹೊರಟ ತಾಪವೇ ಬದಲಾಗಿಬಿಡುತ್ತದೆ. ಅದಕ್ಕಾಗಿಯೇ ಬುರುಡೆಯನ್ನು ಚಿಕ್ಕದಾಗಿ ಮಾಡುತ್ತಾರೆ. ಉಷ್ಣವನ್ನೇ ಹೀರಬಾರದೆಂದು ಬುರುಡೆಗೆ ಉಣ್ಣೆಯನ್ನು ದಪ್ಪನಾಗಿ ಸುತ್ತಿದರೋ, ಪಾದರಸ ಬಹಳ ಹೊತ್ತು ಕೋಣೆಯ ತಾಪವನ್ನೇ ತೋರಿಸುತ್ತ ನಿಲ್ಲುತ್ತದೆ. ಒಳ್ಳೆಯ ಉಷ್ಣಮಾಪಕ ನೀರನ್ನು ಮುಟ್ಟಬೇಕು, ಅದರ ತಾಪವನ್ನು ತಿಳಿಯಬೇಕು, ಆದರೆ ಅದನ್ನು ಕದಲಿಸಬಾರದು. ದಲ್ಲಾಳಿಯ ನಿರ್ಲಿಪ್ತತೆಯೂ ಈ ಬಗೆಯದು. ಅದು ಇತರರ ಭಾವನೆಯನ್ನು ಅರಿಯದಿರುವುದಲ್ಲ. ಅರಿತೂ ಅದರಲ್ಲಿ ಮುಳುಗದಿರುವುದು.

ಅರಿಯದಿದ್ದರೆ ಆಗುವ ಹಾನಿಯನ್ನು ಲೀಫ್ ವ್ಯಾನ್ ಬೋವನ್, ಡೇವಿಡ್ ಡನಿಂಗ್, ಜಾರ್ಜ್ ಲೋವೆನ್‌ಸ್ಟೈನ್ ಎಂಬುವರು 2000ದಲ್ಲಿ ತೋರಿಸಿಕೊಟ್ಟರು. ಅವರ ಪ್ರಯೋಗದಲ್ಲಿಯೂ ಇದ್ದುದು ಕಾಫಿ ಬಟ್ಟಲುಗಳೇ. ಆದರೆ ಈ ಸಲ ಕೆಲವರಿಗೆ ಕೊಳ್ಳುವವರ ಪರವಾಗಿ ವ್ಯವಹರಿಸುವ ಪಾತ್ರ. ಬಟ್ಟಲಿನ ಒಡೆಯನಿಗೆ ಅದರ ಮೇಲಿರುವ ಮಮತೆಯನ್ನು ಇವರು ಕೀಳಂದಾಜು ಮಾಡಿ, ತೀರ ಕಡಿಮೆ ಬೆಲೆಯನ್ನು ಮುಂದಿಟ್ಟರು, ಒಡೆಯರು ತಿರಸ್ಕರಿಸಿದರು, ನಡುವಿನವರ ಸಂಪಾದನೆಯೇ ಕುಗ್ಗಿತು. ಉಣ್ಣೆ ಸುತ್ತಿದ ಉಷ್ಣಮಾಪಕದ ಗತಿಯಿದು.

ಇನ್ನೊಂದು ಪ್ರಶ್ನೆ: ಎದುರಿನವನ ದುಃಖವನ್ನು ತಾನೂ ಅನುಭವಿಸುವುದು ಮೇಲೋ, ಅವನ ಆಲೋಚನೆಯನ್ನು ತಿಳಿದುಕೊಳ್ಳುವುದು ಮೇಲೋ? ಆಡಮ್ ಗ್ಯಾಲಿನ್ಸ್ಕಿ ಮತ್ತು ಅವರ ಸಂಗಡಿಗರು 2008ರಲ್ಲಿ ಇದನ್ನು ಪರೀಕ್ಷಿಸಿದರು. ವಿಷಯ, ಒಂದು ಪೆಟ್ರೋಲ್ ಬಂಕಿನ ಮಾರಾಟದ ಚೌಕಾಸಿ. ಮಾರುವಾತ ಒಪ್ಪಬಹುದಾದ ಅತ್ಯಂತ ಕಡಿಮೆ ಬೆಲೆ, ಕೊಳ್ಳುವಾತ ಕೊಡಬಹುದಾದ ಅತ್ಯಂತ ಹೆಚ್ಚು ಬೆಲೆಗಿಂತಲೂ ಮೇಲಿರುವಂತೆ ಏರ್ಪಡಿಸಿದ್ದರು. ಎಂದರೆ ಬೆಲೆಯೊಂದನ್ನೇ ಹಿಡಿದು ಕುಳಿತರೆ ಒಪ್ಪಂದ ಅಸಾಧ್ಯ. ಆದರೆ ಮಾರುವಾತನಿಗೆ ಹಣ ಬೇಕಾಗಿದ್ದುದು ದೀರ್ಘವಾದೊಂದು ನೌಕಾಯಾತ್ರೆಗೆ; ಹಿಂದಿರುಗಿದ ಮೇಲೆ ಅವನಿಗೊಂದು ಕೆಲಸವೂ ಬೇಕು. ಕೊಳ್ಳುವಾತನಿಗೆ ಬಂಕನ್ನು ನೋಡಿಕೊಳ್ಳಲು ಜನ ಬೇಕು. ಇದನ್ನು ಕಂಡುಕೊಂಡವರಿಗೆ ದಾರಿ ತೆರೆಯುತ್ತಿತ್ತು. ಯಾವ ಸೂಚನೆಯನ್ನೂ ಪಡೆಯದವರಲ್ಲಿ ಶೇಕಡ 39 ಜೋಡಿಗಳು ಒಪ್ಪಂದಕ್ಕೆ ಬಂದುವು. ಎದುರಿನವನ ಭಾವನೆಯನ್ನು ಅನುಭವಿಸಲು ಯತ್ನಿಸಿರೆಂದು ಕೊಳ್ಳುವವರಿಗೆ ಹೇಳಿದಾಗ ಶೇಕಡ 54. ಅವನ ಆಲೋಚನೆ ಏನಿರಬಹುದೆಂದು ಊಹಿಸಿರೆಂದು ಹೇಳಿದಾಗ ಶೇಕಡ 76. ಅನುಕಂಪ ನಿಷ್ಪ್ರಯೋಜಕವಲ್ಲ, ಆದರೆ ಮುಚ್ಚಿದ ಬಾಗಿಲನ್ನು ಹೆಚ್ಚು ಬಾರಿ ತೆರೆದುದು ತಿಳಿವಳಿಕೆ.

ಇನ್ನು ಸಾಧನೆಯ ಬಗೆ. ಸಿಟ್ಟು ಬಂದಾಗ ಮುಖವನ್ನು ಬಿಗಿಹಿಡಿದು ಕೂರುವುದೇ ನಿರ್ಲಿಪ್ತತೆ ಎಂದು ಹಲವರ ಭಾವನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಗ್ರಾಸ್ 1990ರ ದಶಕದಲ್ಲಿ ಆರಂಭಿಸಿದ ಪ್ರಯೋಗಗಳು ಇದಕ್ಕೆ ವಿರುದ್ಧವಾಗಿವೆ. ಅವರು ಅಸಹ್ಯ ಹುಟ್ಟಿಸುವ ವೈದ್ಯಕೀಯ ಚಲಚ್ಚಿತ್ರವೊಂದನ್ನು ತೋರಿಸಿ, ಕೆಲವರಿಗೆ ಮುಖದಲ್ಲಿ ಏನನ್ನೂ ತೋರಗೊಡಬೇಡಿರೆಂದೂ, ಕೆಲವರಿಗೆ ಚಿತ್ರವನ್ನು ವೈದ್ಯಶಾಸ್ತ್ರದ ವಿಷಯವೆಂಬ ದೃಷ್ಟಿಯಿಂದ ನೋಡಿರೆಂದೂ ಸೂಚಿಸಿದರು. ಅದುಮಿದವರ ಮುಖ ಶಾಂತವಾಗಿತ್ತು. ಒಳಗಿನ ಅಸಹ್ಯ ಕುಗ್ಗಲಿಲ್ಲ. ಚರ್ಮದ ವಿದ್ಯುದ್ವಾಹಕತೆ ಮೊದಲಾದ ಉದ್ವೇಗದ ಲಕ್ಷಣಗಳು ಏರಿದುವು. ನೋಡುವ ದೃಷ್ಟಿಯನ್ನು ಬದಲಿಸಿಕೊಂಡವರಲ್ಲಾದರೋ ಅಸಹ್ಯವೇ ಕಡಿಮೆಯಾಯಿತು. ಭಾವನೆಯನ್ನು ಅದುಮುತ್ತಿರುವಾಗ ಕೇಳಿದ ವಿಷಯಗಳು ಸರಿಯಾಗಿ ನೆನಪಿನಲ್ಲಿ ನಿಲ್ಲುವುದಿಲ್ಲವೆಂದು ಜೇನ್ ರಿಚರ್ಡ್ಸ್ ಮತ್ತು ಗ್ರಾಸ್ 2000ದಲ್ಲಿ ತೋರಿಸಿದರು. ಯಾರು ಏನು ಹೇಳಿದರು, ಎಷ್ಟಕ್ಕೆ ಇಳಿದರು ಎಂಬುದೇ ಬಂಡವಾಳವಾಗಿರುವ ದಲ್ಲಾಳಿಗೆ ಇದು ದೊಡ್ಡ ನಷ್ಟ. ಆದುದರಿಂದ ಅವನು ಕಲಿಯಬೇಕಾದುದು ಹಲ್ಲು ಕಚ್ಚುವುದನ್ನಲ್ಲ. 'ಈತ ನನ್ನನ್ನು ಬಯ್ಯುತ್ತಿಲ್ಲ, ಮನೆಯನ್ನು ಬಿಡಲಾರದೆ ಸಂಕಟಪಡುತ್ತಿದ್ದಾನೆ' ಎಂದು ಅರ್ಥಮಾಡಿಕೊಳ್ಳುವುದನ್ನು.

ಇಷ್ಟಾದರೂ ನಿರ್ಲಿಪ್ತತೆಗೆ ಮಿತಿಗಳುಂಟು. ಗ್ರೆಗರಿ ನಾರ್ತ್‌ಕ್ರಾಫ್ಟ್ ಮತ್ತು ಮಾರ್ಗರೆಟ್ ನೀಲ್ 1987ರಲ್ಲಿ ಅರಿಜೋನಾದ ಟೂಸಾನ್ ನಗರದಲ್ಲಿ ಅನುಭವಸ್ಥ ದಲ್ಲಾಳಿಗಳಿಗೆ ಒಂದು ಮನೆಯನ್ನು ತೋರಿಸಿ ಬೆಲೆ ಕಟ್ಟಲು ಹೇಳಿದರು. ಅದರ ಅಂದಾಜು ಬೆಲೆ 74,900 ಡಾಲರ್. ಕೆಲವರಿಗೆ ಕೊಟ್ಟ ಕಾಗದದಲ್ಲಿ ಮಾಲಿಕ ಕೇಳಿದ ಬೆಲೆ 65,900 ಎಂದಿತ್ತು. ಇನ್ನು ಕೆಲವರದರಲ್ಲಿ 83,900. ಮನೆ ಒಂದೇ ಆದರೂ ದಲ್ಲಾಳಿಗಳು ಕಟ್ಟಿದ ಬೆಲೆ ಕಾಗದದ ಸಂಖ್ಯೆಯತ್ತ ಸಾವಿರಾರು ಡಾಲರುಗಳಷ್ಟು ವಾಲಿತ್ತು. ಆ ಸಂಖ್ಯೆಯನ್ನು ತಾವು ಗಣಿಸಿದೆವೆಂದು ಒಪ್ಪಿಕೊಂಡವರು ಬಹಳ ಕಡಿಮೆ. ಭಾವನೆಯಿಂದ ದೂರವಿರುವವನೂ ಮೊದಲು ಕಿವಿಗೆ ಬಿದ್ದ ಸಂಖ್ಯೆಯಿಂದ ದೂರವಿರಲಾರ.

ಎರಡನೆಯ ಮಿತಿ ಸ್ವಾರ್ಥ. ಸ್ಟೀವನ್ ಲೆವಿಟ್ ಮತ್ತು ಚಾಡ್ ಸಿವರ್ಸನ್ ಎಂಬ ಅರ್ಥಶಾಸ್ತ್ರಜ್ಞರು ಷಿಕಾಗೋ ಪ್ರದೇಶದ ಸುಮಾರು ಒಂದು ಲಕ್ಷ ಮಾರಾಟಗಳನ್ನು ಪರಿಶೀಲಿಸಿ 2008ರಲ್ಲಿ ಬರೆದ ಪ್ರಬಂಧದ ಪ್ರಕಾರ, ದಲ್ಲಾಳಿಗಳು ತಮ್ಮ ಸ್ವಂತ ಮನೆಯನ್ನು ಮಾರುವಾಗ 9.5 ದಿನ ಹೆಚ್ಚಾಗಿ ಕಾದು, ಶೇಕಡ 3.7ರಷ್ಟು ಹೆಚ್ಚು ಬೆಲೆ ಪಡೆಯುತ್ತಿದ್ದರು. ಲೆಕ್ಕ ಹಾಕಿ ನೋಡಿ. ಒಂದು ಲಕ್ಷ ಡಾಲರಿನ ಮನೆಗೆ ಶೇಕಡ 3.7 ಎಂದರೆ ಮಾಲಿಕನಿಗೆ 3,700 ಡಾಲರ್. ದಲ್ಲಾಳಿಯ ಸ್ವಂತ ಪಾಲು ಶೇಕಡ ಒಂದೂವರೆಯಾದರೆ, ಕಾದುದಕ್ಕೆ ಅವನಿಗೆ ಸಿಕ್ಕುವುದು ಸುಮಾರು 55 ಡಾಲರ್. "ಬಂದ ಬೆಲೆಗೆ ಒಪ್ಪಿಬಿಡಿ" ಎಂಬ ಸಲಹೆ ಶಾಂತವಾದ ದನಿಯಲ್ಲಿ ಬಂದಿತೆಂದ ಮಾತ್ರಕ್ಕೆ ನಿಷ್ಪಕ್ಷಪಾತವಾಗುವುದಿಲ್ಲ.

ನಮ್ಮ ಊರುಗಳಲ್ಲಿ ಒಬ್ಬನೇ ದಲ್ಲಾಳಿ ಎರಡು ಕಡೆಯಿಂದಲೂ ದಲ್ಲಾಳಿ ಪಡೆಯುವ ರೂಢಿಯಿದೆ. ಅವನ ಸಂಪಾದನೆ ನಿಂತಿರುವುದು ವ್ಯವಹಾರ ಕುದುರುವುದರ ಮೇಲೆ; ಅದು ಯಾರಿಗೆ ಎಷ್ಟು ಅನುಕೂಲವಾಯಿತೆಂಬುದರ ಮೇಲಲ್ಲ. ಭಾರತದಲ್ಲಿ 2016ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆ, ನೋಂದಾಯಿತ ಯೋಜನೆಗಳ ಮನೆ ನಿವೇಶನಗಳನ್ನು ಮಾರಿಸುವ ದಲ್ಲಾಳಿಗಳು ತಾವೂ ನೋಂದಾಯಿಸಿಕೊಳ್ಳಬೇಕೆಂದೂ ಸುಳ್ಳು ಹೇಳಿಕೆಗಳನ್ನು ಕೊಡಬಾರದೆಂದೂ ವಿಧಿಸಿದೆ. ಕಾನೂನು ಸುಳ್ಳನ್ನು ತಡೆಯಲೆತ್ನಿಸಬಹುದು. ಯಾರ ಲಾಭ ಎಲ್ಲಿದೆಯೆಂದು ಲೆಕ್ಕ ಹಾಕುವ ಕೆಲಸ ಮಾತ್ರ ಗಿರಾಕಿಯದೇ.

ಮನೆಯ ಕ್ರಯವೆಂದರೆ ಅನೇಕ ಸಂಸಾರಗಳಿಗೆ ಜೀವಮಾನದ ಉಳಿತಾಯ, ಇಪ್ಪತ್ತು ವರ್ಷದ ಸಾಲ. ವಿದ್ಯಾರ್ಥಿಗಳಾದ ವಾಚಕರು ಮುಂದೊಂದು ದಿನ ಆ ಜಗಲಿಯ ಮೇಲೆ ಕೂರಬೇಕಾದವರು. ಅಂದು ದಲ್ಲಾಳಿಯನ್ನು ಅಳೆಯಲು ಎರಡು ಪ್ರಶ್ನೆಗಳು ಸಾಕು: ನಮ್ಮ ಮನಸ್ಸಿನಲ್ಲಿರುವುದು ಈತನಿಗೆ ತಿಳಿದಿದೆಯೇ? ಅದನ್ನು ತಿಳಿದು ಈತ ನಮ್ಮನ್ನು ತನಗೆ ಬೇಕಾದತ್ತ ಕದಲಿಸುತ್ತಿದ್ದಾನೆಯೇ? ಮೊದಲನೆಯದಕ್ಕೆ ಹೌದೆಂದೂ ಎರಡನೆಯದಕ್ಕೆ ಇಲ್ಲವೆಂದೂ ಉತ್ತರ ಬಂದರೆ, ಅವನು ಕೇಳುವ ದಲ್ಲಾಳಿ ದುಬಾರಿಯಲ್ಲ. ಅಂಥವನು ಸಿಕ್ಕದಿದ್ದರೆ, ನಮ್ಮವರಲ್ಲೇ ಆ ಮನೆಯ ಮೇಲೆ ಮೋಹವಿಲ್ಲದ ಹಿರಿಯರೊಬ್ಬರನ್ನು ಮಾತಿಗೆ ಮುಂದೆ ಬಿಟ್ಟು, ನಾವು ಸ್ವಲ್ಪ ಹಿಂದೆ ಕೂರುವುದು ಲೇಸು.