ಹೊಟ್ಟೆಯ ಮೇಲೊಂದು ಗದ್ದೆ: ಚೀನೀ ಅಕ್ಷರ ಕಲಿಯಲು ಕತೆಯ ದಾರಿ

ಮಕ್ಕಳನ್ನು ಎಂಬಿಬಿಎಸ್ ಓದಲು ಚೀನಾಕ್ಕೆ ಕಳುಹಿಸುವ ಮನೆಯವರು ಮೊದಲು ಕೇಳುವುದು ಫೀಸು ಎಷ್ಟು, ಹಲಾಲ್ ಊಟ ಸಿಗುತ್ತದಾ ಎಂದು. ಪಾಠ ಇಂಗ್ಲಿಷಿನಲ್ಲೇ ಇರುತ್ತದೆ ಎಂದು ಯಾರೋ ಹೇಳಿರುತ್ತಾರೆ, ಭಾಷೆಯ ಮಾತು ಅಲ್ಲಿಗೆ ನಿಲ್ಲುತ್ತದೆ. ಕಷ್ಟ ಶುರುವಾಗುವುದು ವಾರ್ಡಿಗೆ ಹೋದ ಮೇಲೆ. ಮಲಗಿರುವ ರೋಗಿಯ ಮಾತು ಚೀನೀ, ಕೇಸ್ ಶೀಟು ಚೀನೀ, ಔಷಧದ ಡಬ್ಬಿಯ ಮೇಲಿನ ಬರಹವೂ ಚೀನೀ. ಎಚ್‌ಎಸ್‌ಕೆ ಎಂಬ ಚೀನೀ ಭಾಷಾ ಪರೀಕ್ಷೆಯ ನಾಲ್ಕನೇ ಹಂತ ಪಾಸಾಗಿರಬೇಕು ಎಂದು ಅಲ್ಲಿನ ಅನೇಕ ಕಾಲೇಜುಗಳು ಕೇಳುತ್ತವೆ. ಹಳೆಯ ಪಠ್ಯಕ್ರಮದಂತೆ ಅದಕ್ಕೆ 1200 ಪದ ಗೊತ್ತಿರಬೇಕು. ಚೀನಾದ ಮಕ್ಕಳಾದರೋ ಒಂಬತ್ತು ವರ್ಷದ ಕಡ್ಡಾಯ ಶಿಕ್ಷಣದಲ್ಲಿ ಸುಮಾರು 3500 ಅಕ್ಷರ ಕಲಿಯುತ್ತಾರೆ.

ಕನ್ನಡದಲ್ಲಾಗಲಿ ಅರಬಿಯಲ್ಲಾಗಲಿ ಅಕ್ಷರ ಅಂದರೆ ನಮಗೆ ಶಬ್ದ. ಮದ್ರಸದಲ್ಲಿ ಓದಿದ ಮಕ್ಕಳಿಗೆ ಬಾಯಿಪಾಠವೂ ಹೊಸತಲ್ಲ. ಆದರೆ ಹಿಫ್ಝ್ ನಿಂತಿರುವುದು ಕಿವಿಯ ಮೇಲೆ, ಒಂದು ಆಯತ್ತಿನ ಧ್ವನಿ ಮುಂದಿನದನ್ನು ಎಳೆದುಕೊಂಡು ಬರುತ್ತದೆ. ಚೀನೀ ಅಕ್ಷರದಲ್ಲಿ ಹೊಸಬರ ಕಿವಿಗೆ ಹಿಡಿಯಲು ಏನೂ ಸಿಗುವುದಿಲ್ಲ, ಎಲ್ಲ ಕಣ್ಣಿನ ಕೆಲಸ. ಚೀನಾದ ಹುಯಿ ಮುಸ್ಲಿಮರ ಮದ್ರಸಗಳಲ್ಲೂ ಈ ಕಷ್ಟ ಇತ್ತು. ಅವರು ಚೀನೀ ಮಾತನ್ನು ಅರಬಿ ಲಿಪಿಯಲ್ಲಿ ಬರೆಯುವ ಶಿಯಾವರ್‌ಜಿಂಗ್ ಎಂಬ ಕ್ರಮ ಮಾಡಿಕೊಂಡರು. ನಮ್ಮ ಹಿರಿಯರ ಅರಬಿ-ಮಲಯಾಳಂ ಇದ್ದ ಹಾಗೆಯೇ ಅನ್ನಿ.

ಆಸ್ಪತ್ರೆಯ ಕಾಗದಕ್ಕೆ ಆ ದಾರಿ ಇಲ್ಲ. ಒಂದೇ ಅಕ್ಷರವನ್ನು ಐವತ್ತು ಸಲ ಕಾಪಿ ಬರೆಯುವುದು ಹಳೆಯ ಕ್ರಮ. ಇವತ್ತು ಬರೆದದ್ದು ನಾಡಿದ್ದಿಗೆ ಮರೆತಿರುತ್ತದೆ. ಇದಕ್ಕಿಂತ ಗಟ್ಟಿಯಾದದ್ದು ಕತೆ ಕಟ್ಟುವ ಕ್ರಮ. ದೊಡ್ಡ ಅಕ್ಷರವನ್ನು ಅದರ ಸಣ್ಣ ತುಂಡುಗಳಾಗಿ ಬಿಡಿಸಬೇಕು, ತುಂಡುಗಳಿಗೆ ಹೆಸರಿಡಬೇಕು, ಆಮೇಲೆ ಅವನ್ನು ಸೇರಿಸಿ ಕಣ್ಣಿಗೆ ಕಟ್ಟುವಂಥ ಒಂದು ದೃಶ್ಯ ಮಾಡಬೇಕು.

ವೈದ್ಯಕೀಯದ ಮಕ್ಕಳಿಗೆ ಬೇಕಾದ ಅಕ್ಷರಗಳನ್ನೇ ನೋಡಿ. ಚೌಕದೊಳಗೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದರೆ ಗದ್ದೆ. ಹುಣಿ ಸಮೇತ ಕಾಣುತ್ತದೆ. ಚಂದ್ರನಂತೆ ಬರೆಯುವ ಇನ್ನೊಂದು ತುಂಡಿದೆ, ದೇಹದ ಅಂಗಗಳ ಅಕ್ಷರದಲ್ಲಿ ಅದರ ಅರ್ಥ ಮಾಂಸ. ಮಾಂಸದ ಮೇಲೆ ಗದ್ದೆ ಇಟ್ಟರೆ ಹೊಟ್ಟೆ, ಅಂದರೆ ಜಠರ. ಅಕ್ಕಿ ಹೋಗಿ ಬೀಳುವುದು ಅಲ್ಲಿಗೇ ಅಲ್ಲವಾ? ಮಾಂಸದ ಪಕ್ಕದಲ್ಲಿ 'ಒಣಗಿದ್ದು' ಎಂಬ ಅಕ್ಷರ ಬಂದರೆ ಲಿವರ್. ಬ್ಯಾರಿ ಮನೆಯ ಹುಡುಗನಿಗೆ ಇದಕ್ಕೆ ಕತೆ ಹೇಳಿಕೊಡಬೇಕಾಗಿಲ್ಲ, ಉಮ್ಮ ಮಾಡುವ ಲಿವರ್ ಸುಕ್ಕ ನೆನಪಾದರೆ ಸಾಕು.

ರೋಗಗಳಿಗೆಲ್ಲ ಮೇಲಿನಿಂದ ಎಡಕ್ಕೆ ಇಳಿಯುವ ಒಂದು ಚೌಕಟ್ಟು ಇದೆ. ಮೂಲದಲ್ಲಿ ಅದು ಮಂಚದಲ್ಲಿ ಮಲಗಿದ ಮನುಷ್ಯನ ಚಿತ್ರ. ಅದರೊಳಗೆ 'ಚಳಿಗಾಲ' ಬರೆದರೆ ನೋವು. ಡಿಸೆಂಬರಿನಲ್ಲಿ ಸುಬ್‌ಹಿಗೆ ಏಳುವಾಗ ಅಜ್ಜಿಯ ಮಂಡಿ ಹಿಡಿದುಕೊಳ್ಳುವುದನ್ನು ನೆನೆಸಿ. ಬೆಂಕಿಯ ಮೇಲೆ ಬೆಂಕಿ ಇಟ್ಟರೆ ಉರಿಯೂತ. ಶ್ವಾಸಕೋಶ ಎಂಬ ಅಕ್ಷರದ ನಂತರ ಇದು ಬಂದರೆ ನ್ಯುಮೋನಿಯಾ. ರೋಗದ ಚೌಕಟ್ಟಿನೊಳಗೆ ಮೂರು ಬಾಯಿ, ಕೆಳಗೆ ಒಂದು ಬೆಟ್ಟ: ಅದು ಕ್ಯಾನ್ಸರ್. ಬೆಟ್ಟದಂಥ ದೇಹವನ್ನೂ ಮೂರು ಬಾಯಿಯಲ್ಲಿ ತಿನ್ನುವ ಕಾಯಿಲೆ ಎಂದು ಒಮ್ಮೆ ಅಂದುಕೊಂಡವರು ಆ ಅಕ್ಷರ ಮರೆಯುವುದು ಕಷ್ಟ.

ಸಪ್ಪೆ ಕತೆ ನಿಲ್ಲುವುದಿಲ್ಲ. ವಿಚಿತ್ರವಾದದ್ದು, ನಗು ಬರಿಸುವಂಥದ್ದು, ಒಂದಿಷ್ಟು ಇರಿಸುಮುರಿಸಾಗುವಂಥದ್ದು ನಿಲ್ಲುತ್ತದೆ. 'ಮನೆ' ಎಂಬ ಅಕ್ಷರದಲ್ಲಿ ಸೂರಿನ ಅಡಿಯಲ್ಲಿ ಇರುವುದು ಹಂದಿ! ಚೀನಾದ ಮುಸ್ಲಿಮರೂ ಮನೆ ಎಂದು ಬರೆಯುವಾಗ ಅದೇ ಅಕ್ಷರ ಬರೆಯುತ್ತಾರೆ, ಬೇರೆ ಇಲ್ಲ. ನಮ್ಮ ಮಕ್ಕಳು ಇದನ್ನು ಒಂದೇ ಸಲಕ್ಕೆ ಕಲಿತುಬಿಡುತ್ತಾರೆ, ಬೇಕಾದರೆ ಕೇಳಿ ನೋಡಿ.

ಚಿತ್ರ ಕಟ್ಟಿ ನೆನಪಿಡುವ ವಿದ್ಯೆ ಚೀನಾದಲ್ಲಿ ಹೊಸತೇನಲ್ಲ. ಇಟಲಿಯ ಪಾದ್ರಿ ಮತ್ತೇಯೋ ರಿಚಿ 1596ರಲ್ಲಿ ಈ ಬಗ್ಗೆ ಚೀನೀ ಭಾಷೆಯಲ್ಲೇ ಪುಸ್ತಕ ಬರೆದು ಪ್ರಾಂತ್ಯದ ಗವರ್ನರನಿಗೆ ಕೊಟ್ಟಿದ್ದ. ಗವರ್ನರನ ಮಕ್ಕಳು ಸರಕಾರಿ ಪರೀಕ್ಷೆಗೆ ಓದುತ್ತಿದ್ದರು. ಹಿರಿಯ ಮಗ ಓದಿ ನೋಡಿ, ಕ್ರಮ ಸರಿಯೇ, ಆದರೆ ಇದನ್ನು ಉಪಯೋಗಿಸಲು ಮೊದಲು ಒಳ್ಳೆಯ ಜ್ಞಾಪಕಶಕ್ತಿ ಬೇಕಲ್ಲ ಅಂದನಂತೆ. ನಮ್ಮ ಕಾಲದಲ್ಲಿ ಈ ದಾರಿಯನ್ನು ಜನಪ್ರಿಯ ಮಾಡಿದವರು ಅಮೆರಿಕದ ಜೇಮ್ಸ್ ಹೈಸಿಗ್. ಜಪಾನಿಗೆ ಹೋದಾಗ ಅಲ್ಲಿ ಬಳಸುವ ಚೀನೀ ಅಕ್ಷರಗಳನ್ನು ಹೀಗೆ ಕಲಿತು 1977ರಲ್ಲಿ ಪುಸ್ತಕ ಮಾಡಿದರು. ಮುಂದೆ ತಿಮೊತಿ ರಿಚರ್ಡ್‌ಸನ್ ಜೊತೆ ಚೀನೀ ಕಲಿಯುವವರಿಗಾಗಿ 3000 ಅಕ್ಷರಗಳ ಎರಡು ಸಂಪುಟ ತಂದರು. ಮೊದಮೊದಲು ಕತೆ ಅವರೇ ಕೊಡುತ್ತಾರೆ, ಆಮೇಲೆ ತುಂಡುಗಳನ್ನು ಮಾತ್ರ ಕೊಟ್ಟು ಕತೆ ನೀವೇ ಕಟ್ಟಿ ಅನ್ನುತ್ತಾರೆ. ಅದು ಸರಿಯಾದ ಲೆಕ್ಕ, ಸುಕ್ಕದ ಕತೆ ಅಮೆರಿಕದವರಿಗೆ ಹೊಳೆಯುತ್ತಿತ್ತಾ?

ಒಂದು ಎಚ್ಚರಿಕೆ ಬೇಕು. ನೆನಪಿಗೆ ಕಟ್ಟಿದ ಕತೆ ಚರಿತ್ರೆಯಲ್ಲ. 'ಹಡಗು' ಎಂಬ ಅಕ್ಷರದಲ್ಲಿ ದೋಣಿ, ಎಂಟರಂತೆ ಕಾಣುವ ಗೆರೆ ಮತ್ತು ಬಾಯಿ ಇವೆ. ಬೈಬಲಿನಂತೆ ಪ್ರಳಯದಲ್ಲಿ ಉಳಿದವರು ಎಂಟು ಮಂದಿ, ಹಾಗಾಗಿ ಇದು ನೂಹ್ ನೆಬಿಯವರ ಹಡಗು ಎಂದು ಕೆಲವು ಮಿಷನರಿಗಳು ಸಾಧಿಸಲು ಹೊರಟಿದ್ದರು. ಕುರ್‌ಆನ್ ಅಂತೂ ಎಂಟು ಎಂಬ ಲೆಕ್ಕ ಹೇಳುವುದಿಲ್ಲ. ಅಕ್ಷರವೂ ಹೇಳುವುದಿಲ್ಲ, ಅದೇ ಬಲಭಾಗ ಸೀಸ ಎಂಬ ಲೋಹದ ಅಕ್ಷರದಲ್ಲೂ ಇದೆ. ಅದು ಅಲ್ಲಿರುವುದು ಉಚ್ಚಾರದ ಸುಳಿವಿಗೆ. ನೆನಪಿಗೆ ಬೇಕಾದರೆ ಹಡಗಿನ ಕತೆ ಇಟ್ಟುಕೊಳ್ಳಿ, ವಾದಕ್ಕೆ ಬೇಡ.

ಹೈಸಿಗ್ ಕ್ರಮದ ದೊಡ್ಡ ಕೊರತೆಯೂ ಇಲ್ಲೇ ಇರುವುದು. ಅವರ ಕತೆಗಳು ಅರ್ಥ ಮತ್ತು ಬರಹ ಕಲಿಸುತ್ತವೆ, ಉಚ್ಚಾರ ಕಲಿಸುವುದಿಲ್ಲ. ಚೀನೀ ಅಕ್ಷರಗಳಲ್ಲಿ ಶೇ. 80ಕ್ಕಿಂತ ಹೆಚ್ಚಿನವು ಅರ್ಥದ ಒಂದು ತುಂಡು, ಧ್ವನಿಯ ಒಂದು ತುಂಡು ಸೇರಿ ಆದಂಥವು. 'ಒಣಗಿದ್ದು' ಎಂಬುದನ್ನು ಗಾನ್ ಅನ್ನುತ್ತಾರೆ, ಲಿವರಿಗೂ ಗಾನ್ ಅನ್ನುತ್ತಾರೆ. ಸುಕ್ಕದ ಕತೆಯಲ್ಲಿ ಈ ಧ್ವನಿಯನ್ನೂ ಸೇರಿಸಿಕೊಂಡರೆ ಕೆಲಸ ಅರ್ಧ ಆಯಿತು. ಎಲ್ಲ ಕಡೆ ಹೀಗೆ ಹೊಂದುವುದಿಲ್ಲ; ಚಳಿಗಾಲ ದೊಂಗ್, ನೋವು ಥಂಗ್. ಸಾವಿರಾರು ವರ್ಷದಲ್ಲಿ ಉಚ್ಚಾರ ಸವೆದಿದೆ.

ಹೊಸತಾಗಿ ಹೋಗುವ ಮಕ್ಕಳಿಗೆ ಶುರು ಮಾಡಲು ಒಳ್ಳೆಯ ಜಾಗ ಹಲಾಲ್ ಹೋಟೆಲಿನ ಬೋರ್ಡು. ಅದರ ಮೇಲೆ ಎರಡು ಅಕ್ಷರ ಇರುತ್ತದೆ, ಛಿಂಗ್‌ಜೆನ್. ಹೇಗೂ ಹೊಟ್ಟೆ ಹಸಿದಾಗ ಹುಡುಕಲೇಬೇಕು. ಮೊದಲನೆಯದರಲ್ಲಿ ಎಡಕ್ಕೆ ಮೂರು ಹನಿ ನೀರು, ಬಲಕ್ಕೆ ಹಸಿರು-ನೀಲಿ ಬಣ್ಣದ ಛಿಂಗ್: ಶುದ್ಧ. ಎರಡನೆಯದು ಸತ್ಯ, ಮೇಲೆ ಹತ್ತು, ನಡುವೆ ಕಣ್ಣಿನಂಥ ಪೆಟ್ಟಿಗೆ, ಕೆಳಗೆ ಎರಡು ಕಾಲು. ಹತ್ತು ಕಣ್ಣು ನೋಡಿ ಒಪ್ಪಿದ್ದು ಅಂದುಕೊಳ್ಳಿ. ಇಷ್ಟು ಗೊತ್ತಾದ ಮೇಲೆ ಆ ಛಿಂಗ್ ತುಂಡನ್ನು ಬೇರೆ ಕಡೆ ಹುಡುಕಬೇಕು. ನೀರಿನ ಬದಲು ಸೂರ್ಯ ಇದ್ದರೆ ಮೋಡವಿಲ್ಲದ ಆಕಾಶ, ಹೃದಯ ಇದ್ದರೆ ಭಾವನೆ, ಮಾತು ಇದ್ದರೆ ದಯವಿಟ್ಟು. ಏರಿಳಿತ ಬೇರೆ ಇದ್ದರೂ ಎಲ್ಲದಕ್ಕೂ ಛಿಂಗ್ ಎಂದೇ ಉಚ್ಚಾರ. ಆಸ್ಪತ್ರೆಯಲ್ಲಿ ಸಾಲಿನಲ್ಲಿ ನಿಲ್ಲಿ, ಗಲಾಟೆ ಮಾಡಬೇಡಿ ಎನ್ನುವ ಬೋರ್ಡುಗಳು ಹೆಚ್ಚಾಗಿ ಶುರುವಾಗುವುದು ಈ ಕೊನೆಯ ಅಕ್ಷರದಿಂದಲೇ.